ರಾಯಚೂರಿನ ಬಿಸಿಲಿಗೆ ಅಂಗಳದಲ್ಲಿ ಯಾವ ಹುಲ್ಲು?

ಮೊದಲೇ ಹೇಳಿಬಿಡುತ್ತೇನೆ, ಗರಿಕೆ ಹಾಕಿ. ನಮ್ಮ ಕಡೆ ಕರಿಕಿ ಅಂತೀವಲ್ಲ, ಗಣೇಶನಿಗೆ ಏರಿಸೋದು, ಅದೇ. ನರ್ಸರಿಯಲ್ಲಿ ಇದಕ್ಕೇ ಬರ್ಮುಡಾ ಗ್ರಾಸ್ ಅಂತ ಹೆಸರಿಟ್ಟು ದುಡ್ಡು ತಗೋತಾರೆ.

ನಾನೂ ಮೊದಲು ಫೋಟೋ ನೋಡಿ ಮರುಳಾಗಿ ಅಗಲ ಎಲೆಯ ಕಾರ್ಪೆಟ್ ಗ್ರಾಸ್ ತಂದು ಹಾಸಿದ್ದೆ. ಜನವರಿವರೆಗೆ ಚೆಂದ ಇತ್ತು. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿತು, ಬೋರ್ ನೀರು ಕಡಿಮೆಯಾಯಿತು, ಹುಲ್ಲು ಹಳೇ ಚಾಪೆಯಂತಾಯಿತು. ಉಳಿದದ್ದು ಅದರ ಮಣ್ಣಿನ ಜೊತೆ ಪುಕ್ಕಟೆ ಬಂದ ಜೇಕು ಕಳೆ ಮಾತ್ರ! ಕಾರ್ಪೆಟ್ ಗ್ರಾಸಿಗೆ ನೆರಳು, ತೇವ, ಸ್ವಲ್ಪ ಹುಳಿ ಮಣ್ಣು ಬೇಕು. ನಮ್ಮ ಎರೆ ಮಣ್ಣಿನ ಗುಣ ಇದಕ್ಕೆ ಪೂರ್ತಿ ಉಲ್ಟಾ. ಕೊರಿಯನ್ ಗ್ರಾಸ್ ಬಿಸಿಲು ತಡೆಯುತ್ತದೆ, ಆದರೆ ಬಲು ನಿಧಾನ, ಕೆಲವು ವರ್ಷಕ್ಕೆ ಗುಬ್ಬಟೆ ಗುಬ್ಬಟೆಯಾಗಿ ಏಳುತ್ತದೆ. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಮೇ ತಿಂಗಳ ಮಧ್ಯಾಹ್ನ ಬರಿಗಾಲಿಟ್ಟು ನೋಡಿ, ಆಮೇಲೆ ಮಾತಾಡೋಣ.

ಎಷ್ಟು ಜಾಗಕ್ಕೆ ಹಾಕಬೇಕು ಅನ್ನೋದನ್ನ ನೀರು ಹೇಳುತ್ತದೆ. ಒಂದು ಚದರ ಮೀಟರಿಗೆ 1 ಮಿಲಿಮೀಟರ್ ನೀರು ಅಂದರೆ 1 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಅಂತ ಹಿಡಿದರೂ 10 ಅಡಿಗೆ 10 ಅಡಿ ಜಾಗಕ್ಕೆ 45 ಲೀಟರ್ ದಾಟುತ್ತದೆ, ಅಂದರೆ ಮೂರು ಕೊಡ. ಹಾಗಾಗಿ ಸಂಜೆ ಕುರ್ಚಿ ಹಾಕಿಕೊಂಡು ಕೂರುವ ಜಾಗ, ಮಕ್ಕಳು ಆಡುವ ಜಾಗ, ಇಷ್ಟಕ್ಕೆ ಮಾತ್ರ ಹುಲ್ಲು ಸಾಕು. ಉಳಿದದ್ದಕ್ಕೆ ಗರಸು ಹಾಕಿ ದಮ್ಮಸು ಹೊಡೆಸಿ. ಬೇವಿನ ದಟ್ಟ ನೆರಳಲ್ಲಿ ಗರಿಕೆ ಬರುವುದಿಲ್ಲ, ಅಲ್ಲಿ ಶಹಾಬಾದ್ ಕಲ್ಲು ಹಾಸಿದರೆ ಕೂರೋಕೆ ತಂಪು.

ಈಗ ಮಣ್ಣು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರ ಮೇಲೆ ನಾಲ್ಕೈದು ಇಂಚು ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಹಾಕಿ, ನೀರು ಮನೆಯಿಂದ ಆಚೆ ಹರಿಯುವಂತೆ ಸ್ವಲ್ಪ ಇಳಿಜಾರು ಕೊಡಿ. ಸಿಂಧನೂರು, ಗಂಗಾವತಿ ಕಡೆ ಕಾಲುವೆ ನೀರಿನ ಜಾಗದಲ್ಲಿ ಮಣ್ಣಿನ ಮೇಲೆ ಬಿಳಿ ಉಪ್ಪು ಏಳುತ್ತದಲ್ಲ, ಅಂಥ ಸವಳು ನೆಲದಲ್ಲೂ ಗರಿಕೆ ಒಂದು ಮಟ್ಟಿಗೆ ಬದುಕುತ್ತದೆ. ಅನುಮಾನ ಇದ್ದರೆ ಗಂಗಾವತಿ ಅಥವಾ ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆ ವಿಚಾರಿಸಿ. ಸ್ನಾನದ ನೀರು ಹಾಯಿಸಬಹುದು, ಆದರೆ ಬಟ್ಟೆ ಒಗೆದ ಪುಡಿ ನೀರು ಬೇಡ, ಅದರ ಸೋಡಾ ಎರೆ ಮಣ್ಣನ್ನು ಇನ್ನೂ ಗಟ್ಟಿ ಮಾಡುತ್ತದೆ.

ನೆಡುವ ಮೊದಲು ನೆಲಕ್ಕೆ ನೀರು ಬಿಟ್ಟು ಎರಡು ವಾರ ಸುಮ್ನೆ ಕಾಯಿರಿ. ಜೇಕು, ಕಾಂಗ್ರೆಸ್ ಗಿಡ, ನೆಗ್ಗಿಲು ಎಲ್ಲ ತಲೆ ಎತ್ತುತ್ತವೆ. ಜೇಕನ್ನು ಗಡ್ಡೆ ಸಮೇತ ಅಗೆದು ತೆಗೆಯಿರಿ, ಮೇಲೆ ಕಿತ್ತರೆ ಕಿತ್ತಷ್ಟೂ ಬರುತ್ತದೆ. ಈ ಕೆಲಸಕ್ಕೆ ಬೇಜಾರು ಮಾಡಿಕೊಂಡರೆ ಆಮೇಲೆ ವರ್ಷಗಟ್ಟಲೆ ಕೀಳುತ್ತಾ ಕೂರಬೇಕು, ನಾನು ಕೂತಿದ್ದೇನೆ.

ಮಿರಗ ಮಳೆ ಬಿದ್ದ ಮೇಲೆ, ಜೂನ್ ಜುಲೈನಲ್ಲಿ ಗೆಣ್ಣು ಇರುವ ತುಂಡುಗಳನ್ನು ನಾಲ್ಕು ಇಂಚಿಗೊಂದರಂತೆ ನೆಡಿ. ಇನ್ನೊಂದು ದಾರಿಯೂ ಇದೆ. ಗರಿಕೆಯನ್ನು ಸಣ್ಣಗೆ ಕತ್ತರಿಸಿ, ಹಸಿ ಸಗಣಿ, ಮಣ್ಣು, ನೀರಿನ ಜೊತೆ ಕಲಸಿ, ಅಂಗಳ ಸಾರಿಸಿದ ಹಾಗೆ ದಪ್ಪಗೆ ಬಳಿದು ಒಣಗದಂತೆ ನೋಡಿಕೊಳ್ಳಬೇಕು. ನೋಡಿದವರು ನಗುತ್ತಾರೆ, ಚಿಗುರಿದ ಮೇಲೆ ಬಂದು ಕೇಳುತ್ತಾರೆ.

ಅಂಚಿಗೆ ಕಲ್ಲನ್ನು ಅರ್ಧ ಅಡಿ ಆಳಕ್ಕೆ ಹುಗಿಯಲೇಬೇಕು. ಹೊಲದಲ್ಲಿ ಗರಿಕೆ ಹತ್ತಿದರೆ ರೈತರು ಪಡುವ ಪಾಡು ಗೊತ್ತಲ್ವಾ, ಅದು ನಿಮ್ಮ ಮಲ್ಲಿಗೆ ಮಡಿಗೂ ನುಗ್ಗುತ್ತದೆ.

ತುಳಿಯದ ಮೂಲೆಗೆ ಟೇಬಲ್ ರೋಸ್ ಸಾಕು. ಕಾಲುವೆ ದಂಡೆಯಲ್ಲಿ ಹಬ್ಬುವ ನೆಲಹಿಪ್ಪಲಿಯೂ ಚೆನ್ನಾಗಿ ಮುಚ್ಚುತ್ತದೆ. ಆದರೆ ಅದರ ಹೂವಿಗೆ ಜೇನು ಬರುತ್ತವೆ, ಮಕ್ಕಳು ಬರಿಗಾಲಲ್ಲಿ ಓಡುವ ಕಡೆ ಬೇಡ.

ಬೇರು ಹಿಡಿದ ಮೇಲೆ ದಿನಾ ಚಿಮುಕಿಸಬೇಡಿ, ವಾರಕ್ಕೆರಡು ಸಲ ಬೆಳಗ್ಗೆ ನೆಲ ನೆನೆಯುವಷ್ಟು ಬಿಡಿ. ಬೇಸಿಗೆಯಲ್ಲಿ ಎರಡು ಇಂಚಿಗಿಂತ ಕೆಳಗೆ ಕತ್ತರಿಸಬೇಡಿ. ನೀರೇ ಇಲ್ಲದೆ ಮೇ ತಿಂಗಳಲ್ಲಿ ಒಣಗಿ ಹಳದಿಯಾದರೆ ಸತ್ತಿತು ಅಂತ ಕಿತ್ತು ಹಾಕಬೇಡಿ. ಗೆಣ್ಣು ಒಳಗೆ ಹಸಿಯಾಗಿಯೇ ಇರುತ್ತದೆ, ಒಂದೆರಡು ಒಳ್ಳೆ ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ.