ಟೆಕ್ಸಾಸ್‌ನಲ್ಲಿ ಪಿಸ್ತೂಲು ಕೊಳ್ಳಹೊರಟ ಕನ್ನಡಿಗರಿಗೆ

ಅಂಗಡಿಗೆ ಹೋಗುವ ಮುನ್ನ ನಿಮ್ಮ ವೀಸಾ ಯಾವುದೆಂದು ನೋಡಿಕೊಳ್ಳಿ. ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2, ಇವುಗಳಲ್ಲಿ ಯಾವುದರ ಮೇಲೆ ಅಮೆರಿಕದಲ್ಲಿದ್ದರೂ ಫೆಡರಲ್ ಕಾನೂನು ನಿಮ್ಮನ್ನು ತಡೆಯುತ್ತದೆ. ಬಂದೂಕನ್ನಾಗಲಿ ಗುಂಡನ್ನಾಗಲಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ವರ್ಷಗಟ್ಟಲೆ ತೆರಿಗೆ ಕಟ್ಟಿದ್ದೀರಿ, ಸ್ವಂತ ಮನೆ ಮಾಡಿದ್ದೀರಿ, ಮಕ್ಕಳು ಇಲ್ಲೇ ಹುಟ್ಟಿದ್ದಾರೆ ಎಂಬುದೆಲ್ಲ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದವರು ಮತ್ತು ಅಮೆರಿಕದ ಪೌರರು ಕೊಳ್ಳಬಹುದು. ಸರದಿಯಲ್ಲಿ ಕಾಯುತ್ತಿರುವವರು ಕಾಯಬೇಕು.

ಬೇಟೆಯ ಪರವಾನಗಿ ಪಡೆದವರಿಗೆ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ, ನಿಜ. ಈ ಕಿಂಡಿಯ ಸುದ್ದಿ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಬಹಳ ಬೇಗ ಹರಡುತ್ತದೆ. ಆನ್‌ಲೈನ್‌ನಲ್ಲಿ ಬೇಟೆಯ ಪರವಾನಗಿ ಕೊಂಡು ಮರುದಿನವೇ ಪಿಸ್ತೂಲು ತರಬಹುದೆಂದು ಹೇಳುವ ಗೆಳೆಯ ನಿಮ್ಮ ವಲಸೆ ವಕೀಲನಲ್ಲ. ಆಯುಧದ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇರುವವರನ್ನೂ ದೇಶದಿಂದ ಹೊರಗೆ ಕಳುಹಿಸಬಹುದು. ಹಾಗಿರುವಾಗ ವೀಸಾದಲ್ಲಿರುವವರು ಹಣ ಕೊಟ್ಟು ವಕೀಲರನ್ನು ಕೇಳದೆ ಈ ದಾರಿ ಹಿಡಿಯಬಾರದು.

ನಾನು ಆಸ್ಟಿನ್ ನಗರದ ಉತ್ತರದಲ್ಲಿ, ವಾರಾಂತ್ಯದಲ್ಲಿ, ಪಿಸ್ತೂಲು ಪರವಾನಗಿಗೆ ಬೇಕಾದ ತರಬೇತಿ ಕೊಡುತ್ತೇನೆ. ಊರು ದಕ್ಷಿಣ ಕೊಡಗು. ನಮ್ಮಲ್ಲಿ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ಕೋವಿಗೆ ಪೂಜೆ ಮಾಡಿ, ತೋಕ್ ಪೂ ಎಂಬ ಕೋವಿ ಹೂ ಸಿಕ್ಕಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ, ಹೆಂಗಸರೂ ಹೊಡೆಯುತ್ತಾರೆ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಜಮೀನಿನ ಹಿಡುವಳಿದಾರರಿಗೂ ಆಯುಧ ಪರವಾನಗಿಯಿಂದ ಭಾರತ ಸರ್ಕಾರ 1963ರಲ್ಲಿ ವಿನಾಯಿತಿ ಕೊಟ್ಟಿದೆ, 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದೆ. ಈ ಹಿನ್ನೆಲೆಯಿಂದ ಬಂದವರಿಗೆ ಕಲಿಸುವುದೇ ನನಗೆ ಹೆಚ್ಚು ಕಷ್ಟ. ತೋಟದಲ್ಲಿ ಕಾಡುಹಂದಿ ಓಡಿಸಿದ ಕೋವಿಗೂ ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಪಿಸ್ತೂಲಿಗೂ ಸಂಬಂಧವೇ ಇಲ್ಲವೆಂದು ಒಪ್ಪಿಸುವಷ್ಟರಲ್ಲಿ ಅರ್ಧ ಬೆಳಗು ಕಳೆದಿರುತ್ತದೆ.

ಅಂಗಡಿಯ ಕೆಲಸ ನೀವಂದುಕೊಂಡಷ್ಟು ದೊಡ್ಡದಲ್ಲ. ಪರವಾನಗಿ ಇರುವ ಮಾರಾಟಗಾರರಿಂದ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು. ಈಗ ವಾಸವಿರುವ ವಿಳಾಸವೇ ಇರುವ ಚಾಲನಾ ಪರವಾನಗಿ ಒಯ್ಯಿರಿ. ಮನೆ ಬದಲಿಸಿ ವಿಳಾಸ ತಿದ್ದಿಸದವರು ಮೊದಲು ಅದನ್ನು ಸರಿಮಾಡಿಸಿಕೊಳ್ಳಿ. ಗ್ರೀನ್ ಕಾರ್ಡ್‌ನವರು ಅದನ್ನೂ ಜೊತೆಗಿಟ್ಟುಕೊಳ್ಳಿ, ಅದರಲ್ಲಿರುವ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆಯಬೇಕು. ಅಲ್ಲಿ ತುಂಬಬೇಕಾದ ಅರ್ಜಿಯ ಹೆಸರು ಫಾರ್ಮ್ 4473.

ಈ ಅರ್ಜಿಯಲ್ಲಿ ನಮ್ಮವರು ಎಡವುವುದು ಮೊದಲ ಸಾಲಿನಲ್ಲೇ, ಹೆಸರಿನಲ್ಲಿ. ಪೂರ್ತಿ ಹೆಸರು ಬರೆಯಬೇಕು, ಇನಿಷಿಯಲ್ ಸಾಲದು. ಆದರೆ ದಾಖಲೆಯಲ್ಲೇ ಇನಿಷಿಯಲ್ ಮಾತ್ರ ಇದ್ದರೆ ಏನು ಮಾಡುವುದು? ಊರಿನದೊಂದು, ತಂದೆಯದೊಂದು ಅಕ್ಷರ ಹೊತ್ತ ಹೆಸರುಗಳು ನಮ್ಮಲ್ಲಿ ಬೇಕಾದಷ್ಟಿವೆ; ಕೊಡವರಲ್ಲಂತೂ ಮನೆತನದ ಹೆಸರು ಎದುರಿಗೆ ಬಂದು ಕೂರುತ್ತದೆ. ಅದಕ್ಕೂ ಅರ್ಜಿಯ ಸೂಚನೆಯಲ್ಲಿ ಉತ್ತರವಿದೆ: ಆ ಅಕ್ಷರದ ನಂತರ ಉದ್ಧರಣ ಚಿಹ್ನೆಯೊಳಗೆ 'ಐಒ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು, ಇನಿಷಿಯಲ್ ಓನ್ಲಿ ಎಂದು ಅರ್ಥ. ನಡುವಿನ ಹೆಸರೇ ಇಲ್ಲದವರು 'ಎನ್ಎಂಎನ್' ಎಂದು ಬರೆಯಬೇಕು. ಎಲ್ಲ ಮಾರಾಟಗಾರರಿಗೂ ಇದು ನೆನಪಿರುವುದಿಲ್ಲ, ನೀವೇ ಹೇಳಿ.

ಮುಂದಿನ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಾಕು. ಎರಡು ಕಡೆ ನಿಧಾನಿಸಿ. ಒಂದು, ನಿಜವಾದ ಖರೀದಿದಾರರು ನೀವೇ ಹೌದೇ ಎಂಬುದು. ಇನ್ನೂ ಎಚ್-1ಬಿಯಲ್ಲಿರುವ ಗೆಳೆಯ ಕೊಟ್ಟ ದುಡ್ಡಿನಲ್ಲಿ ನಿಮ್ಮ ಹೆಸರಿನಲ್ಲಿ ಕೊಂಡು ಅವನಿಗೆ ದಾಟಿಸಿದರೆ ಅದು ಬೇನಾಮಿ ಖರೀದಿ. 2022ರ ಕಾನೂನಿನಂತೆ ಇದಕ್ಕೆ 15 ವರ್ಷದವರೆಗೆ ಜೈಲು ಇದೆ. ಇನ್ನೊಂದು, ಗಾಂಜಾ. ಕೊಲರಾಡೊದಲ್ಲಿ ಅದು ಅಂಗಡಿಯಲ್ಲೇ ಸಿಗುತ್ತದಲ್ಲ ಎನ್ನಬೇಡಿ. ರಾಜ್ಯ ಒಪ್ಪಿದರೂ ಫೆಡರಲ್ ಕಾನೂನು ಒಪ್ಪಿಲ್ಲವೆಂದು ಅರ್ಜಿಯೇ ಪ್ರಶ್ನೆಯ ಕೆಳಗೆ ಎಚ್ಚರಿಸುತ್ತದೆ.

ನೀವು ಸಹಿ ಹಾಕಿದ ಮೇಲೆ ಮಾರಾಟಗಾರ ಎಫ್‌ಬಿಐನ ನಿಕ್ಸ್ ವ್ಯವಸ್ಥೆಯಲ್ಲಿ ನಿಮ್ಮ ಪೂರ್ವಾಪರ ವಿಚಾರಿಸುತ್ತಾನೆ. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ನಡೆದ ಗುಂಡಿನ ದಾಳಿಯಲ್ಲಿ ತಲೆಗೆ ಗುಂಡು ತಗುಲಿದ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿಯ ಹೆಸರಿನ ಕಾನೂನು 1993ರಲ್ಲಿ ಬಂತು. ಅದರ ಫಲವಾಗಿ 1998ರ ನವೆಂಬರ್ 30ರಂದು ಈ ವ್ಯವಸ್ಥೆ ಆರಂಭವಾಯಿತು. ಬಹುತೇಕರಿಗೆ ಕೆಲವೇ ನಿಮಿಷಗಳಲ್ಲಿ 'ಮುಂದುವರಿಯಿರಿ' ಎಂಬ ಉತ್ತರ ಬರುತ್ತದೆ. 'ತಡ' ಎಂದು ಬಂದರೆ ಗಾಬರಿ ಬೇಡ. ನಿಮ್ಮ ಹೆಸರಿಗೆ ಹತ್ತಿರದ ಹೆಸರಿನವನೊಬ್ಬ ಎಲ್ಲಿಯೋ ಏನೋ ಮಾಡಿಕೊಂಡಿರಬಹುದು. ಮೂರು ಕೆಲಸದ ದಿನಗಳಲ್ಲಿ ಎಫ್‌ಬಿಐ ಉತ್ತರ ಕೊಡದಿದ್ದರೆ ಮಾರಾಟಗಾರ ಪಿಸ್ತೂಲು ಕೊಡಬಹುದು, ಕೊಡಲೇಬೇಕೆಂದಿಲ್ಲ. 21 ತುಂಬದವರು ರೈಫಲ್ ಕೊಳ್ಳುವಾಗ ಈ ಅವಧಿ ಇನ್ನೂ ಉದ್ದವಾಗಬಹುದು. ಪ್ರತಿ ಸಲವೂ ತಡವಾಗುವವರು ಎಫ್‌ಬಿಐಗೆ ಬೆರಳಚ್ಚು ಕಳುಹಿಸಿ ತಮ್ಮದೇ ಗುರುತಿನ ಸಂಖ್ಯೆ ಪಡೆದುಕೊಳ್ಳಬಹುದು. ಆಮೇಲೆ ಅದನ್ನು ಅರ್ಜಿಯಲ್ಲಿ ಬರೆದರೆ ಆಯಿತು. ಅಂಗಡಿಯಲ್ಲದೆ ಖಾಸಗಿಯಾಗಿ ಒಬ್ಬರಿಂದೊಬ್ಬರು ಕೊಂಡರೆ ಟೆಕ್ಸಾಸ್‌ನಲ್ಲಿ ಈ ತಪಾಸಣೆ ಕಡ್ಡಾಯವಲ್ಲ. ಆದರೂ ಅಂಗಡಿಯ ಮೂಲಕವೇ ವರ್ಗಾಯಿಸಿಕೊಳ್ಳಿ ಎನ್ನುತ್ತೇನೆ. ಆ ಪಿಸ್ತೂಲಿನ ಹಿಂದಿನ ಜಾತಕ ನಿಮಗೆ ಗೊತ್ತಿರುವುದಿಲ್ಲ.

ಈಗ ಮರೆಯಲ್ಲಿ ಒಯ್ಯುವ ವಿಚಾರ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ ಅರ್ಹರಿಗೆ ಪಿಸ್ತೂಲು ಒಯ್ಯಲು ಪರವಾನಗಿಯೇ ಬೇಕಿಲ್ಲ. ಹಾಗಿದ್ದರೆ ತರಗತಿಗೆ ಏಕೆ ಬರಬೇಕು ಎಂದು ಪ್ರತಿ ವಾರವೂ ಯಾರಾದರೂ ಕೇಳುತ್ತಾರೆ. ನನ್ನ ಉತ್ತರ ಶಾಲೆಗಳಿಂದ ಆರಂಭವಾಗುತ್ತದೆ. ಶಾಲೆಯಿಂದ 1000 ಅಡಿಯೊಳಗೆ ಆಯುಧ ಒಯ್ಯುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ, ಅದೇ ರಾಜ್ಯದ ಪರವಾನಗಿ ಇದ್ದವರನ್ನು ಬಿಡುತ್ತದೆ. ನಮ್ಮವರು ಮನೆ ಕೊಳ್ಳುವುದೇ ಒಳ್ಳೆಯ ಶಾಲೆಯ ಪಕ್ಕದಲ್ಲಿ. ಪರವಾನಗಿ ಇಲ್ಲದವನು ಹಾಲು ತರಲು ಹೊರಟರೂ ಆ ವ್ಯಾಪ್ತಿಯನ್ನು ಹಾಯ್ದೇ ಹೋಗುತ್ತಾನೆ. ಪರವಾನಗಿ ಇದ್ದರೆ ಮುಂದಿನ ಖರೀದಿಗೆ ನಿಕ್ಸ್ ವಿಚಾರಣೆಯೂ ಬೇಕಿಲ್ಲ, ಫಾರ್ಮ್ 4473 ಮಾತ್ರ ತುಂಬಬೇಕು. ನ್ಯೂ ಮೆಕ್ಸಿಕೋದಂತಹ ರಾಜ್ಯಗಳು ಟೆಕ್ಸಾಸ್‌ನ ಪರವಾನಗಿಯನ್ನು ಒಪ್ಪುತ್ತವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಒಪ್ಪುವುದಿಲ್ಲ; ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ನೆಂಟರ ಮನೆಗೆ ಹೋಗುವಾಗ ಪಿಸ್ತೂಲು ಮನೆಯಲ್ಲಿರಲಿ.

ಈ ಪರವಾನಗಿಯ ಅರ್ಜಿಯನ್ನು ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಗೆ ಆನ್‌ಲೈನ್‌ನಲ್ಲಿ ಹಾಕಬೇಕು. ಶುಲ್ಕ 40 ಡಾಲರ್, ಬೆರಳಚ್ಚಿಗೆ ಬೇರೆ. ಕಳೆದ ಐದು ವರ್ಷಗಳಲ್ಲಿ ಕುಡಿದು ವಾಹನ ಓಡಿಸಿ ಶಿಕ್ಷೆಯಾದವರಿಗೆ ಸಿಗುವುದಿಲ್ಲ, ಮಕ್ಕಳ ಜೀವನಾಂಶ ಬಾಕಿ ಇಟ್ಟವರಿಗೂ ಇಲ್ಲ. ತರಗತಿ 4ರಿಂದ 6 ಗಂಟೆ, ಅದನ್ನು ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲೂ ಮುಗಿಸಬಹುದು. ಗುಂಡು ಹೊಡೆಯುವ ಪರೀಕ್ಷೆಗೆ ಮಾತ್ರ ಖುದ್ದಾಗಿ ಬರಲೇಬೇಕು.

ಒಟ್ಟು 50 ಗುಂಡು: 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. 250ಕ್ಕೆ 175 ಬಂದರೆ ಪಾಸು. ಮೂರು ಗಜದಲ್ಲಿ ಎಲ್ಲರೂ ಶೂರರು. ಹದಿನೈದಕ್ಕೆ ಬಂದಾಗ ಬಲಗೈಯವರ ಗುಂಡುಗಳು ಗುರಿಯ ಎಡಕ್ಕೂ ಕೆಳಕ್ಕೂ ಜಾರತೊಡಗುತ್ತವೆ. ಸದ್ದು ಬರುವ ಮೊದಲೇ ಕೈ ಬೆದರಿ, ಇಡೀ ಮುಷ್ಟಿಯಿಂದ ಕುದುರೆಯನ್ನು, ಅಂದರೆ ಟ್ರಿಗರನ್ನು, ಸೆಳೆಯುವುದೇ ಇದಕ್ಕೆ ಕಾರಣ. ಬೆರಳ ತುದಿಯ ಮೆತ್ತನೆಯ ಭಾಗವೊಂದನ್ನೇ ಇಟ್ಟು, ಕಾಫಿ ಫಿಲ್ಟರ್‌ನಿಂದ ಡಿಕಾಕ್ಷನ್ ಇಳಿಯುವಷ್ಟು ನಿಧಾನವಾಗಿ ಹಿಂದಕ್ಕೆ ಒತ್ತಿ. ಗುಂಡು ಯಾವ ಕ್ಷಣ ಹೋಯಿತೆಂಬುದು ನಿಮಗೇ ಗೊತ್ತಾಗಬಾರದು. ಪರೀಕ್ಷೆಗೆ ಮುನ್ನ ಗುಂಡಿಲ್ಲದ ಪಿಸ್ತೂಲಿನಲ್ಲಿ ಮನೆಯಲ್ಲೇ ಇದನ್ನು ಅಭ್ಯಾಸ ಮಾಡಿ. ಗುಂಡಿನ ಪೆಟ್ಟಿಗೆ ಬೇರೆ ಕೋಣೆಯಲ್ಲಿರಲಿ.

ಪರವಾನಗಿ ಬಂದ ಮೇಲೆ ಫಲಕ ಓದುವುದನ್ನು ಕಲಿಯಿರಿ. ಕೆಂಪಿನಲ್ಲಿ 51% ಎಂದಿದ್ದರೆ ಅದು ಮದ್ಯದ ಆದಾಯವೇ ಹೆಚ್ಚಿರುವ ಜಾಗ, ಒಳಗೆ ಒಯ್ಯುವಂತಿಲ್ಲ. 30.06 ಎಂಬ ಫಲಕ ಮರೆಯಲ್ಲಿ ಒಯ್ಯುವುದನ್ನೂ, 30.07 ಎಲ್ಲರಿಗೂ ಕಾಣುವಂತೆ ಒಯ್ಯುವುದನ್ನೂ ತಡೆಯುತ್ತದೆ. ದೇವಸ್ಥಾನದ ಬಾಗಿಲಲ್ಲಿ ಇವು ಇವೆಯೇ ನೋಡಿಕೊಳ್ಳಿ. ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಶಾಲೆಯ ಸಭಾಂಗಣವನ್ನೇ ಬಾಡಿಗೆಗೆ ಹಿಡಿಯುವುದು ರೂಢಿ. ಶಾಲೆಯ ಕಟ್ಟಡಕ್ಕೆ ಫಲಕ ಬೇಕಿಲ್ಲ. 1000 ಅಡಿಯ ವಿನಾಯಿತಿ ಆ ಬಾಗಿಲಿನ ಹೊರಗೇ ಮುಗಿಯುತ್ತದೆ. ಒಳಗೆ ಒಯ್ದರೆ 2ರಿಂದ 10 ವರ್ಷದ ಶಿಕ್ಷೆಯ ಅಪರಾಧ. ದಾರಿಯಲ್ಲಿ ಪೊಲೀಸರು ಗುರುತಿನ ಚೀಟಿ ಕೇಳಿದಾಗ ಪಿಸ್ತೂಲು ಮೈಮೇಲಿದ್ದರೆ ಚಾಲನಾ ಪರವಾನಗಿಯ ಜೊತೆಗೆ ಪಿಸ್ತೂಲಿನ ಪರವಾನಗಿಯನ್ನೂ ತೋರಿಸಬೇಕು. ಕೈಗಳು ಸ್ಟೀರಿಂಗ್ ಮೇಲಿರಲಿ, ಯಾವ ಜೇಬಿಗೆ ಕೈ ಹಾಕುತ್ತಿದ್ದೀರೆಂದು ಮೊದಲು ಬಾಯಲ್ಲಿ ಹೇಳಿ.

ಮನೆಯೊಳಗಿನ ವಿಷಯಕ್ಕೆ ಯಾರೂ ಗಮನ ಕೊಡುವುದಿಲ್ಲ. ಮೈಸೂರಿನಿಂದ ಬಿ-2 ವೀಸಾದಲ್ಲಿ ಬಂದ ಅಪ್ಪನನ್ನು ಖುಷಿಗೆಂದು ಗುಂಡು ಹೊಡೆಯುವ ರೇಂಜ್‌ಗೆ ಕರೆದೊಯ್ದು ಕೈಗೆ ಪಿಸ್ತೂಲು ಕೊಡಬೇಡಿ. ವೀಸಾದ ನಿಷೇಧ ಅವರಿಗೂ ಅನ್ವಯಿಸುತ್ತದೆ. ಮನೆಯಲ್ಲಿ ಒಬ್ಬರು ಪೌರರಾಗಿ ಇನ್ನೊಬ್ಬರು ಇನ್ನೂ ವೀಸಾದಲ್ಲಿದ್ದರೆ ತಿಜೋರಿಯ ಬೀಗದ ಸಂಖ್ಯೆ ಪೌರರಿಗೆ ಮಾತ್ರ ಗೊತ್ತಿರಲಿ. 17 ತುಂಬದ ಮಕ್ಕಳ ಕೈಗೆ ಗುಂಡು ತುಂಬಿದ ಆಯುಧ ಸಿಗುವಂತೆ ಬಿಡುವುದು ಟೆಕ್ಸಾಸ್‌ನಲ್ಲಿ ಅಪರಾಧ. ಮಂಚದ ಪಕ್ಕದ ಡ್ರಾಯರ್ ತಿಜೋರಿಯಲ್ಲ, ಅಲ್ಮೇರಾದಲ್ಲಿ ಸೀರೆಗಳ ಕೆಳಗಿನ ಜಾಗವೂ ಅಲ್ಲ.

ಮೊದಲ ಪರವಾನಗಿ ನಾಲ್ಕು ವರ್ಷ ಕಳೆದ ಮೇಲೆ ಬರುವ ನಿಮ್ಮ ಹುಟ್ಟುಹಬ್ಬದಂದು ಮುಗಿಯುತ್ತದೆ. ನವೀಕರಿಸಿದರೆ ಐದು ವರ್ಷ, ಅದಕ್ಕೆ ತರಗತಿಯೂ ಇಲ್ಲ, ಗುಂಡಿನ ಪರೀಕ್ಷೆಯೂ ಇಲ್ಲ. ಆದರೂ ಆಗೊಮ್ಮೆ ಈಗೊಮ್ಮೆ ರೇಂಜ್‌ಗೆ ಬಂದು ಹದಿನೈದು ಗಜದ ಹತ್ತು ಗುಂಡು ಹೊಡೆದು ಹೋಗಿ.