ಸ್ಲೇಟು, ಮುರಿದ ಸ್ಕೇಲು, ಒಂದು ಬೊಗಸೆ ಹುಣಸೆ ಬೀಜ

ಫೆಬ್ರವರಿ ಹೊತ್ತಿಗೆ ನಮ್ಮ ಐದನೇ ತರಗತಿಯಲ್ಲಿ ರೇಖಾಗಣಿತ, ಅಳತೆ ಎರಡೂ ಮುಗಿದಿದ್ದವು. ಆದರೆ ಸುತ್ತಳತೆ ಕೇಳಿದರೆ ಮಕ್ಕಳು ವಿಸ್ತೀರ್ಣ ಹೇಳುತ್ತಿದ್ದರು, ತ್ರಿಜ್ಯ ಕೇಳಿದರೆ ವ್ಯಾಸ. ಪುನರಾವರ್ತನೆ ಅಂತ ಅದೇ ಲೆಕ್ಕ ಮತ್ತೆ ಬೋರ್ಡಿಗೆ ಬರೆದರೆ ಅವರು ಸುಮ್ನೆ ನೋಡಿಕೊಂಡು ಇಳಿಸಿಕೊಳ್ಳುತ್ತಾರೆ, ಯಾರಿಗೆ ಏನು ಗೊತ್ತಿಲ್ಲ ಅನ್ನುವುದು ನಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಶನಿವಾರ ಬೆಳಗಿನ ತರಗತಿಯಲ್ಲಿ ರಸಪ್ರಶ್ನೆ ಆಟ ಮಾಡೋಣ ಅಂದುಕೊಂಡೆ. ಮೂರು ಶನಿವಾರ ನಡೆಸಿದೆ. ಹೇಗಾಯಿತು ಅಂತ ಬರೆಯುತ್ತಿದ್ದೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ತಯಾರಿಗೆ ಖರ್ಚೇನೂ ಇಲ್ಲ. ಮನೆಯಲ್ಲಿ ಬಿದ್ದಿದ್ದ ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಹಿಂದೆ ಪ್ರಶ್ನೆ ಬರೆದೆ, ಒಟ್ಟು 40 ಕಾರ್ಡು. ಆಕೃತಿ, ಕೋನ, ವೃತ್ತ, ಉದ್ದ, ಸುತ್ತಳತೆ-ವಿಸ್ತೀರ್ಣ ಅಂತ ಐದು ಕಟ್ಟು. 24 ಮಕ್ಕಳು, ನಾಲ್ಕು ನಾಲ್ಕು ಜನರ ಆರು ಗುಂಪು. ಗುಂಪುಗಳಿಗೆ ಹೊಂಗೆ, ಬೇವು, ಹಲಸು ಅಂತ ಅವರೇ ಮರಗಳ ಹೆಸರಿಟ್ಟುಕೊಂಡರು.

ಮೊದಲ ಶನಿವಾರ ಟೀವಿಯಲ್ಲಿ ಮಾಡುವ ಹಾಗೆ ಮಾಡಿದೆ. ಉತ್ತರ ಗೊತ್ತಿದ್ದವರು ಊಟದ ತಟ್ಟೆ ಬಡಿಯಬೇಕು, ಮೊದಲು ಬಡಿದವರಿಗೆ ಅವಕಾಶ. ಗದ್ದಲವೋ ಗದ್ದಲ. ಮಕ್ಕಳಿಗೆ ಖುಷಿಯಾಯಿತು, ನಿಜ. ಆದರೆ ಮುಗಿದ ಮೇಲೆ ಕೂತು ಯೋಚಿಸಿದರೆ, ಇಡೀ ಆಟದಲ್ಲಿ ಉತ್ತರ ಹೇಳಿದ್ದು ಮೂರೇ ಜನ, ಅವರಿಗೆ ಮೊದಲೇ ಎಲ್ಲ ಗೊತ್ತಿತ್ತು. ಕಿಟಕಿ ಪಕ್ಕ ಕೂರುವ ಹುಡುಗಿಯೊಬ್ಬಳು ಒಂದು ಸಲವೂ ಬಾಯಿ ತೆರೆದಿರಲಿಲ್ಲ. ಅವಳಿಗೆ ಉತ್ತರ ಗೊತ್ತಿತ್ತೋ ಇಲ್ಲವೋ, ನನಗೆ ತಿಳಿಯಲೇ ಇಲ್ಲ. ಪುನರಾವರ್ತನೆ ಬೇಕಾಗಿದ್ದಿದ್ದು ಅವಳಂಥವರಿಗೇ ಅಲ್ವಾ?

ಎರಡನೇ ವಾರ ತಟ್ಟೆ ತೆಗೆದಿಟ್ಟು ಸ್ಲೇಟು ಕೊಟ್ಟೆ. ಗುಂಪಿನಲ್ಲಿ ಪ್ರತಿಯೊಬ್ಬರಿಗೂ 1ರಿಂದ 4ರವರೆಗೆ ಒಂದೊಂದು ನಂಬರು. ಪ್ರಶ್ನೆ ಎರಡು ಸಲ ಓದುತ್ತೇನೆ, ಮೊದಲು ಎಲ್ಲರೂ ಮಾತಾಡದೆ ತಮ್ಮ ತಮ್ಮ ಸ್ಲೇಟಿನಲ್ಲಿ ಬರೆದು ಒಟ್ಟಿಗೆ ಎತ್ತಿ ತೋರಿಸಬೇಕು. ನಾನು ನೋಡಿಕೊಳ್ಳುತ್ತೇನೆ, ಸರಿ ತಪ್ಪು ಹೇಳುವುದಿಲ್ಲ. ಆಮೇಲೆ ಎರಡು ನಿಮಿಷ ಗುಂಪಿನಲ್ಲಿ ಚರ್ಚೆ, ಬೇಕಾದರೆ ಅಳಿಸಿ ಬದಲಾಯಿಸಬಹುದು. ಕೊನೆಗೆ ಒಂದು ಚೀಟಿ ಎತ್ತುತ್ತೇನೆ, 3 ಬಂದರೆ ಪ್ರತಿ ಗುಂಪಿನ ಮೂರನೆಯವರು ಎದ್ದು ಉತ್ತರದ ಜೊತೆ ಅದು ಹೇಗೆ ಬಂತು ಅಂತಲೂ ಹೇಳಬೇಕು. ಸರಿ ಇದ್ದರೆ ಗುಂಪಿಗೆ ಒಂದು ಹುಣಸೆ ಬೀಜ. ತಪ್ಪಾದರೆ ಬೀಜ ವಾಪಸ್ ಕಿತ್ತುಕೊಳ್ಳುವುದಿಲ್ಲ. ಯಾರ ನಂಬರು ಬರುತ್ತದೋ ಗೊತ್ತಿಲ್ಲದ್ದರಿಂದ ಚುರುಕಾಗಿರುವವರು ಪಕ್ಕದವರಿಗೆ ಹೇಳಿಕೊಡದೆ ಬೇರೆ ದಾರಿಯೇ ಇಲ್ಲ. ಆ ಎರಡು ನಿಮಿಷದಲ್ಲಿ ನಡೆಯುವ ಪಾಠ ನಾನು ಮಾಡುವ ಪಾಠಕ್ಕಿಂತ ಚೆನ್ನಾಗಿರುತ್ತದೆ.

ಅವತ್ತು ನನಗೆ ಜಾಸ್ತಿ ಕಲಿಸಿದ್ದು ಒಂದು ಮುರಿದ ಸ್ಕೇಲು. ಒಬ್ಬ ಹುಡುಗನ ಜಾಮಿಟ್ರಿ ಬಾಕ್ಸಿನಲ್ಲಿತ್ತು, ತುದಿ ಮುರಿದು 3ರಿಂದ ಶುರುವಾಗುತ್ತಿತ್ತು. ಒಂದು ಪೆನ್ಸಿಲ್ಲನ್ನು ಆ 3ಕ್ಕೆ ಸರಿಯಾಗಿ ಇಟ್ಟೆ, ಇನ್ನೊಂದು ತುದಿ 11ಕ್ಕೆ ಬಂತು. ಅದನ್ನೇ ಬೋರ್ಡಿನಲ್ಲಿ ದೊಡ್ಡದಾಗಿ ಬಿಡಿಸಿ, ಪೆನ್ಸಿಲ್ ಎಷ್ಟು ಸೆಂಟಿಮೀಟರ್ ಅಂತ ಕೇಳಿದೆ. ಸ್ಲೇಟು ಮೇಲೆದ್ದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು 11 ಬರೆದಿದ್ದರು. ಅದು ನಿರೀಕ್ಷೆ ಇತ್ತು. ಆದರೆ ಮೂರು ಸ್ಲೇಟಿನಲ್ಲಿ 9 ಇತ್ತು. 9 ಎಲ್ಲಿಂದ ಬಂತು? ಕಿಟಕಿ ಪಕ್ಕದ ಹುಡುಗಿಯೂ 9 ಬರೆದಿದ್ದಳು. ಹತ್ತಿರ ಹೋಗಿ ಕೇಳಿದೆ. ಅವಳು ಬೆರಳಿಟ್ಟು ತೋರಿಸಿದಳು, "3, 4, 5, 6, 7, 8, 9, 10, 11... ಒಂಬತ್ತು ಮಿಸ್." ಗೆರೆಗಳನ್ನು ಎಣಿಸಿದ್ದಳು, ನಡುವಿನ ಜಾಗವನ್ನಲ್ಲ. ಐದು ವರ್ಷ ಸ್ಕೇಲ್ ಹಿಡಿದಿದ್ದಾಳೆ, ಸೊನ್ನೆಗೆ ಇಟ್ಟು ಅಳೆದಾಗೆಲ್ಲ ಉತ್ತರ ಸರಿಯಾಗಿಯೇ ಬರುತ್ತಿದ್ದದ್ದರಿಂದ ಈ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆಟ ನಿಲ್ಲಿಸಿದೆ. ಕುಂಟೆಬಿಲ್ಲೆಗೆ ಗೆರೆ ಹಾಕುವ ಹಾಗೆ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಒಂಬತ್ತು ಗೆರೆ ಎಳೆದು, 3ರಿಂದ 11ರವರೆಗೆ ನಂಬರು ಹಾಕಿ, 3ರ ಮೇಲೆ ನಿಂತು ಒಂದೊಂದೇ ಗೆರೆಗೆ ನೆಗೆಯಲು ಅವಳಿಗೆ ಹೇಳಿದೆ. ಉಳಿದವರೆಲ್ಲ ಎಣಿಸಿದರು. ಎಂಟು ನೆಗೆತಕ್ಕೆ 11 ಮುಟ್ಟಿದಳು. ತಿರುಗಿ ಗೆರೆಗಳನ್ನೊಮ್ಮೆ ನೋಡಿ, "ನಿಂತಿದ್ದ ಗೆರೆಗೆ ನೆಗೆದೇ ಇಲ್ಲ ಅಲ್ವಾ ಮಿಸ್" ಅಂದಳು. ಇದಕ್ಕಿಂತ ಚೆನ್ನಾಗಿ ನಾನಂತೂ ವಿವರಿಸಲಾರೆ.

ಕೋನದಲ್ಲೂ ಹೀಗೇ ಆಯಿತು. ಲಘುಕೋನ, ಲಂಬಕೋನ, ವಿಶಾಲಕೋನ ಅಂತ ಹೆಸರು ಕೇಳಿದರೆ ಎಲ್ಲರೂ ಹೇಳುತ್ತಾರೆ. ಬೋರ್ಡಿನಲ್ಲಿ 40 ಡಿಗ್ರಿಯ ಎರಡು ಕೋನ ಬಿಡಿಸಿದೆ, ಒಂದರ ಬಾಹುಗಳು ಮೊಳದುದ್ದ, ಇನ್ನೊಂದರವು ಗೇಣುದ್ದ. ಯಾವುದು ದೊಡ್ಡದು ಅಂತ ಕೇಳಿದರೆ ಬಹುತೇಕ ಎಲ್ಲರೂ ಉದ್ದ ಬಾಹುಗಳದ್ದನ್ನೇ ಬರೆದರು. ಎರಡು ಪೊರಕೆ ಕಡ್ಡಿಯ ತುದಿ ಸೇರಿಸಿ ದಾರ ಕಟ್ಟಿ, ಅಗಲಿಸಿ ಹಿಡಿದು, ಇನ್ನೊಂದು ತುದಿಗಳನ್ನು ಎಲ್ಲರ ಎದುರಿಗೇ ಮುರಿದು ಗಿಡ್ಡ ಮಾಡಿದೆ. "ಈಗ ಕೋನ ಚಿಕ್ಕದಾಯಿತಾ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಬ್ಬ ಎದ್ದು ಹೋಗಿ ತರಗತಿಯ ಬಾಗಿಲನ್ನು ಅರ್ಧ ತೆರೆದು ನಿಂತು, ಬಾಗಿಲು ಎಷ್ಟು ಉದ್ದ ಅಂತಲ್ಲ, ಎಷ್ಟು ತೆರೆದಿದೆ ಅಂತ ನೋಡಬೇಕು ಅಂದ. ಅವನ ಗುಂಪಿಗೆ ಎರಡು ಬೀಜ ಕೊಟ್ಟೆ, ನಿಯಮದಲ್ಲಿ ಇಲ್ಲದಿದ್ದರೂ.

ವೃತ್ತದ ಕಾರ್ಡುಗಳು ಬೇಗ ಮುಗಿದವು. ಬಳೆ, ತಟ್ಟೆ, ಸೈಕಲ್ ಚಕ್ರ ಇಟ್ಟುಕೊಂಡು ಕೇಳಿದ್ದರಿಂದ ತೊಂದರೆಯಾಗಲಿಲ್ಲ.

ಮೂರನೇ ಶನಿವಾರ ಪೂರ್ತಿ ಸುತ್ತಳತೆ, ವಿಸ್ತೀರ್ಣಕ್ಕೇ ಹೋಯಿತು. ನಮ್ಮದು ತುಮಕೂರು ಕಡೆಯ ತೆಂಗಿನ ಸೀಮೆ, ಮನೆಯಲ್ಲಿ ಗುಂಟೆ, ಎಕರೆ ಮಾತು ಮಕ್ಕಳ ಕಿವಿಗೆ ಬೀಳುತ್ತಲೇ ಇರುತ್ತದೆ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1089 ಚದರ ಅಡಿ, ಅಂಥ 40 ಸೇರಿದರೆ ಎಕರೆ. ನಾನು ಕೇಳಿದ್ದು ಇದು: ಒಬ್ಬರ ಜಮೀನು 33ಕ್ಕೆ 33. ಇನ್ನೊಬ್ಬರದು ರಸ್ತೆ ಪಕ್ಕದ ಪಟ್ಟಿ, 121 ಅಡಿ ಉದ್ದ, 9 ಅಡಿ ಅಗಲ. ಯಾರದು ದೊಡ್ಡದು? ಸುತ್ತ ಒಂದು ಎಳೆ ತಂತಿ ಕಟ್ಟಲು ಯಾರಿಗೆ ಜಾಸ್ತಿ ಬೇಕು?

ಗುಣಿಸಿ ನೋಡಿದರೆ ಎರಡೂ 1089. ತಂತಿ ಮಾತ್ರ ಒಂದಕ್ಕೆ 132 ಅಡಿ, ಇನ್ನೊಂದಕ್ಕೆ 260. ಸ್ಲೇಟಿನಲ್ಲಿ ಲೆಕ್ಕ ಸರಿ ಬರೆದವರೂ ಅದನ್ನು ನಂಬಲಿಲ್ಲ. "ಮಿಸ್, ಎರಡೂ ಒಂದೇ ಗುಂಟೆ ಆದ್ರೆ ತಂತಿ ಹೆಂಗೆ ಜಾಸ್ತಿ ಬೇಕು?" ಅಂತ ಹಲಸಿನ ಗುಂಪಿನವನು ಜಗಳಕ್ಕೇ ನಿಂತ. ಪ್ರತಿ ಗುಂಪಿಗೂ ಒಂದೇ ಅಳತೆಯ 12 ಚೌಕ ಕಾಗದ ಕೊಟ್ಟು, ಜೋಡಿಸಿ ಸುತ್ತಳತೆ ಎಣಿಸಿ ಅಂದೆ. 3ಕ್ಕೆ 4 ಜೋಡಿಸಿದರೆ 14, 2ಕ್ಕೆ 6 ಆದರೆ 16, ಒಂದೇ ಸಾಲಿಗೆ 12 ಇಟ್ಟರೆ 26. ಸಾಲಾಗಿಟ್ಟಾಗ ಎಲ್ಲ ಚೌಕಕ್ಕೂ ಬಿಸಿಲು ಬೀಳುತ್ತೆ, ಗುಂಪಾಗಿಟ್ಟರೆ ಒಳಗಿನ ಅಂಚುಗಳು ಮುಚ್ಚಿಹೋಗುತ್ತೆ ಅಂತ ಬೇವಿನ ಗುಂಪಿನ ಹುಡುಗಿ ಹೇಳಿದಳು. ಗಂಟೆ ಹೊಡೆದರೂ ಎರಡು ಗುಂಪು ಏಳಲಿಲ್ಲ.

ಮಾಡುವುದಾದರೆ ಒಂದು ತಾಸಿಗೆ 8 ಪ್ರಶ್ನೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಬೀಜ ಎಣಿಸಿ ಯಾರು ಮೊದಲು ಅಂತ ಹೇಳಿ, ಮಕ್ಕಳು ಅದಕ್ಕೆ ಕಾಯುತ್ತಿರುತ್ತಾರೆ. ಪ್ರತಿ ಕಾರ್ಡಿನ ಮೂಲೆಯಲ್ಲಿ, ಮೊದಲ ಸಲ ಸ್ಲೇಟು ಎತ್ತಿದಾಗ ಎಷ್ಟು ತಪ್ಪಿದ್ದವು, ಏನು ಬರೆದಿದ್ದರು ಅಂತ ಅಲ್ಲಲ್ಲೇ ಗುರುತು ಹಾಕಿಕೊಳ್ಳಿ. ಅರ್ಧ ತರಗತಿಗಿಂತ ಹೆಚ್ಚು ತಪ್ಪಿದ್ದು ನನ್ನಲ್ಲಿ 7 ಕಾರ್ಡು. ಅವನ್ನು ಬೇರೆ ಕಟ್ಟಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ, ಆ ಮುರಿದ ಸ್ಕೇಲಿನ ಜೊತೆ. ಜೂನ್‌ನಲ್ಲಿ ಇದೇ ಮಕ್ಕಳು ಆರನೇ ತರಗತಿಗೆ ಬಂದು ಕೂತಾಗ ಮೊದಲ ದಿನ ಆ ಏಳನ್ನೇ ಕೇಳುತ್ತೇನೆ.