ಬೇಸ್‌ಮೆಂಟಿನಲ್ಲಿ 23 ಲೀಟರ್ ವೈನ್

ಟೊರಾಂಟೊದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಮೊದಲ ಸಲ ವೈನ್ ಮಾಡಿದ್ದು ಜನವರಿಯಲ್ಲಿ. ಅದೇ ನಾನು ಮಾಡಿದ ತಪ್ಪು.

ಮನೆಯಲ್ಲೇ ವೈನ್ ಮಾಡುವ ಕಿಟ್‌ನಲ್ಲಿ ಗಟ್ಟಿ ದ್ರಾಕ್ಷಿ ರಸದ ಚೀಲ, ಯೀಸ್ಟ್, ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ಪುಡಿ, ವೈನ್ ಕೆಡದೆ ತಿಳಿಯಾಗಲು ಕೊನೆಗೆ ಹಾಕುವ ಪೊಟ್ಟಣಗಳು ಇರುತ್ತವೆ. ಬಕೆಟ್, ಪೈಪು, ಸೌಟು ಎಲ್ಲವನ್ನೂ ಮೊದಲು ಸ್ಯಾನಿಟೈಸರ್ ನೀರಿನಲ್ಲಿ ತೊಳೆಯಿರಿ. ಸಾರಿನ ಮರದ ಸೌಟು ಮಾತ್ರ ಬೇಡ, ಇಂಗಿನ ವಾಸನೆ ಸುಮ್ನೆ ಹೋಗುವುದಿಲ್ಲ.

ಬೆಂಟೊನೈಟನ್ನು ಬಿಸಿನೀರಿಗೆ ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಕಲಕಿ. ನಾನು ಒಂದೇ ಸಲ ಸುರಿದೆ, ಕೆಟ್ಟ ರಾಗಿ ಮುದ್ದೆಯ ಹಾಗೆ ಗಂಟು ಕಟ್ಟಿತು. ಆಮೇಲೆ ರಸ ಸುರಿದು, 23 ಲೀಟರ್ ಗೆರೆಯವರೆಗೆ ನೀರು ತುಂಬಿಸಿ. ರಸ ನೀರಿಗಿಂತ ಎಷ್ಟು ಸಾಂದ್ರ ಎಂದು ತೋರಿಸುವ ಹೈಡ್ರೋಮೀಟರ್ ಇಳಿಬಿಟ್ಟು ಅಳತೆ ಬರೆದಿಡಿ, ನನಗೆ 1.086 ಬಂತು. ಯೀಸ್ಟ್ ಉದುರಿಸಿ, ಮುಚ್ಚಿ, ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಏರ್‌ಲಾಕ್‌ಗೆ ನೀರು ಹಾಕಿ.

ಎರಡು ದಿನ ಕಾದೆ. ಒಂದು ಗುಳ್ಳೆಯೂ ಇಲ್ಲ. ನೋಡಿದರೆ ಬೇಸ್‌ಮೆಂಟ್ 15 ಡಿಗ್ರಿ! ಅಷ್ಟು ಚಳಿಗೆ ದೋಸೆ ಹಿಟ್ಟೇ ಉಬ್ಬುವುದಿಲ್ಲ, ಅಲ್ವಾ? ಇಬ್ಬರೂ ಸೇರಿ ಬಕೆಟನ್ನು ಮೆಟ್ಟಿಲು ಹತ್ತಿಸಿ, ಅಡುಗೆಮನೆಯಲ್ಲಿಟ್ಟು ಕಂಬಳಿ ಹೊದಿಸಿದೆವು. 22 ಡಿಗ್ರಿಗೆ ಬಂದ ಮೇಲೆ ರಾತ್ರಿಯೆಲ್ಲಾ ಗುಳುಗುಳು.

ಅಳತೆ 0.996ಕ್ಕೆ ಇಳಿದು ಎರಡು ದಿನ ಅಲ್ಲೇ ನಿಂತರೆ ಹುದುಗುವುದು ಮುಗಿದಂತೆ. ತಳದ ಗಷ್ಟು ಬಿಟ್ಟು ಗಾಜಿನ ಜಾಡಿಗೆ ಇಳಿಸಿ, ಪೊಟ್ಟಣಗಳನ್ನು ಹಾಕಿ, ಕೈ ಸೋಲುವವರೆಗೆ ಕಲಕಿ ಗ್ಯಾಸ್ ತೆಗೆಯಿರಿ. ಗ್ಯಾಸ್ ಉಳಿದರೆ ವೈನ್ ಬೇಗ ತಿಳಿಯಾಗುವುದಿಲ್ಲ.

ಆರನೇ ವಾರ 29 ಬಾಟಲಿ ತುಂಬಿದವು. ಮೂರು ತಿಂಗಳು ಮುಟ್ಟಬೇಡಿ. ನಾವು ಅಷ್ಟರಲ್ಲಿ ನಾಲ್ಕು ಖಾಲಿ ಮಾಡಿದ್ದೆವು.